ಒಂದು ನಿವೇಶನ, ಒಂದು ಅಕ್ಷರ

ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬರೆಯಲು ಕುಳಿತಿದ್ದೇನೆ. ನಗರ ಯೋಜನೆಯ ಕೆಲಸಕ್ಕೆ ಹೊಸದಾಗಿ ಸೇರಿರುವ ಕಿರಿಯರು ಕೆಲವರು ತಮಗೆ ಉಪಯೋಗವಾಗುವಂಥದ್ದನ್ನು ಬರೆದುಕೊಡಬೇಕೆಂದು ಕೇಳಿದ್ದಾರೆ. ಗುರುವನ್ನು ನೆನೆದು ಆರಂಭಿಸುವುದು ನನ್ನ ರೂಢಿ. ಇಂದು ಗುರುವಿನ ಜೊತೆಗೆ ಇನ್ನೊಬ್ಬರನ್ನೂ ನೆನೆಯಬೇಕಾಗಿದೆ. ಪೀಣ್ಯದ ಕೈಗಾರಿಕಾ ಪ್ರದೇಶದ ಬೆನ್ನಿಗಿರುವ ಹಳೆಯ ಊರಿನ ಒಂದು ಓಣಿಯಲ್ಲಿದ್ದ ನಂಜಮ್ಮ ಎಂಬ ತಾಯಿ ಆಕೆ. ಆಕೆಗೆ ನನ್ನಿಂದ ಆದದ್ದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬರೆದರೆ, ಬರೆದದ್ದಷ್ಟೂ ಸುಳ್ಳಾಗುತ್ತದೆ.

ನಾನು ಚಿತ್ರದುರ್ಗದ ಕಡೆಯವನು. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದಿದೆ. ಅಲ್ಲಿನ ಗುರುಗಳು ನಮ್ಮಿಂದ ಒಂದೊಂದು ಅಕ್ಷರವನ್ನೂ ಮರಳಿನಲ್ಲಿ ತಿದ್ದಿಸಿ, ಅಳಿಸುವ ಮುನ್ನ ಅದಕ್ಕೆ ಕೈಮುಗಿಸುತ್ತಿದ್ದರು. “ನೀನು ಬರೆದ ಅಕ್ಷರಕ್ಕೆ ನೀನೇ ಸಾಕ್ಷಿ ಕಣಯ್ಯಾ, ಕೇಳಿದಾಗ ಎದ್ದು ನಿಲ್ಲಬೇಕು” ಎನ್ನುತ್ತಿದ್ದರು. ಅದು ಹನ್ನೆರಡರ ವಯಸ್ಸಿನಲ್ಲಿ ಕೇಳಿದ ಮಾತು. ಎದ್ದು ನಿಲ್ಲಬೇಕಾದ ದಿನ ಬಂದದ್ದು ಸೇವೆಯ ಕೊನೆಯಲ್ಲಿ.

ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಯೋಜನಾ ಕಚೇರಿಯಲ್ಲಿ ನಕ್ಷೆಗಾರನಾಗಿ ಸೇರಿದೆ. ಆಗ ಗಣಕಯಂತ್ರವಿರಲಿಲ್ಲ. ಗಂಜಿ ಹಾಕಿದ ಬಟ್ಟೆಗೆ ಅಂಟಿಸಿದ ದೊಡ್ಡ ಹಾಳೆಯ ಮೇಲೆ ಮಂಡಿಯೂರಿ ಕುಳಿತು ಕುಂಚದಲ್ಲಿ ಬಣ್ಣ ತುಂಬುತ್ತಿದ್ದೆವು. ವಸತಿಗೆ ಹಳದಿ, ಅಂಗಡಿ ಮುಂಗಟ್ಟುಗಳಿಗೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ನಮ್ಮ ಮುಖ್ಯಸ್ಥರು ಶೇಷಗಿರಿ ರಾಯರು. ಬಹಳ ಶಿಸ್ತಿನವರು, ಬಾಯಿಯೂ ಜೋರು. ಒಮ್ಮೆ ನನ್ನ ಕುಂಚದಿಂದ ನೇರಳೆಯ ಹನಿಯೊಂದು ಜಾರಿ ಹಳದಿಯೊಳಗೆ ಹರಡಿ, ಒಂದಿಡೀ ಬಡಾವಣೆ ಕಂದು ಬಣ್ಣಕ್ಕೆ ತಿರುಗಿಬಿಟ್ಟಿತು.

“ಏನಯ್ಯಾ ಇದು, ಊರಿಗೆ ಕಜ್ಜಿ ಹತ್ತಿಸಿಬಿಟ್ಟೆಯಲ್ಲ!” ಎಂದರು ರಾಯರು. “ಒಂದು ನಿವೇಶನಕ್ಕೆ ಒಂದೇ ಬಣ್ಣ. ನಿಮ್ಮವರಿಗೂ ದೇವರು ಒಬ್ಬನೇ ತಾನೆ? ಹಾಗೇ ಇದೂ ಅಂತ ಇಟ್ಕೋ.”

ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕು ಹದಿನೈದು ದಿನ ಕುಳಿತು ಹಾಳೆಯನ್ನು ಮತ್ತೆ ಬರೆದೆ. ರಾಯರ ಮಾತಿನಲ್ಲಿ ಅರ್ಥವಿಲ್ಲದಿರಲಿಲ್ಲ. ಆಗಿನ ಕಾರ್ಖಾನೆ ಹೊಗೆ ಉಗುಳುತ್ತಿತ್ತು, ಸೈರನ್ ಕೂಗುತ್ತಿತ್ತು, ಚರಂಡಿಗೆ ಆಮ್ಲ ಬಿಡುತ್ತಿತ್ತು. ಮಗು ಮಲಗುವ ಕೋಣೆಯಿಂದ ಅದನ್ನು ದೂರವಿಡುವುದು ಧರ್ಮವೆಂದೇ ನಾವು ನಂಬಿದ್ದೆವು. ಇಷ್ಟು ವರ್ಷಗಳ ಮೇಲೆ ತಿರುಗಿ ನೋಡಿದರೆ, ನಾನು ಬರೆದ ಹಾಳೆಗಳಲ್ಲೆಲ್ಲ ಊರನ್ನು ಇದ್ದಹಾಗೆ ತೋರಿಸಿದ್ದು ಆ ಕಂದು ಕಲೆಯ ಹಾಳೆ ಒಂದೇ.

ಮುಂದೆ ಹೊಸ ಮಹಾಯೋಜನೆಗಾಗಿ ಊರಿನ ಭೂಬಳಕೆಯ ಸಮೀಕ್ಷೆ ಬಂದಿತು. ಬೀದಿ ಬೀದಿ ನಡೆದು, ಪ್ರತಿಯೊಂದು ನಿವೇಶನ ಏತಕ್ಕೆ ಬಳಕೆಯಾಗುತ್ತಿದೆಯೆಂದು ಬರೆದುಕೊಳ್ಳಬೇಕು. ನಮೂನೆಯಲ್ಲಿ ಒಂದು ನಿವೇಶನಕ್ಕೆ ಒಂದು ಪುಟ್ಟ ಚೌಕ. ಅದರಲ್ಲಿ ಹಿಡಿಯುವುದು ಒಂದೇ ಅಕ್ಷರ: ವಸತಿಗೆ ‘ವ’, ಕೈಗಾರಿಕೆಗೆ ‘ಕೈ’, ವಾಣಿಜ್ಯಕ್ಕೆ ‘ವಾ’. ನನ್ನ ಪಾಲಿಗೆ ಪೀಣ್ಯದ ಹಿಂಭಾಗ ಬಂದಿತ್ತು. ಅವಧಿ ಮುಗಿಯುತ್ತಿತ್ತು, ಲಾರಿಗಳ ಕಾಟದಲ್ಲಿ ಅಲ್ಲಿ ನಡೆಯುವುದೇ ಕಷ್ಟ. ಆಯುಧಪೂಜೆಯ ಮರುದಿನದಿಂದ ಎರಡು ಮೂರು ದಿನ ಆ ಪ್ರದೇಶ ಸ್ತಬ್ಧವಾಗಿರುತ್ತದೆ, ಕೆಲಸಗಾರರೆಲ್ಲ ತಮ್ಮ ತಮ್ಮ ಊರಿಗೆ ಹೋಗಿರುತ್ತಾರೆ, ನಡೆದಾಡಲು ಅನುಕೂಲವೆಂದು ಆ ದಿನಗಳನ್ನೇ ಆರಿಸಿಕೊಂಡೆ. ನನ್ನ ಮೊದಲ ತಪ್ಪು ಇದು. ಯಂತ್ರಗಳನ್ನು ಎಣಿಸಲು ಹೋಗುವವನು ಯಂತ್ರಗಳು ಮೌನವ್ರತ ಹಿಡಿದ ದಿನ ಹೋದ.

ಆ ಓಣಿಯಲ್ಲಿ ತೆರೆದಿದ್ದದ್ದು ಒಂದೇ ಬಾಗಿಲು. ಹೊಸ್ತಿಲ ಬಳಿ ಒಡೆದ ಬೂದುಗುಂಬಳ, ಮೇಲೆ ಕುಂಕುಮ. ನಡುವಯಸ್ಸಿನ ಹೆಂಗಸೊಬ್ಬರು ಹೊರಗೆ ಬಂದು ನನ್ನ ಹಣೆಯನ್ನು ನೋಡಿ, “ಬನ್ನಿ ಅಯ್ನೋರೇ. ಚಪ್ಪಲಿ ಅಲ್ಲೇ ಬಿಡಿ, ಒಳಗೆ ಪೂಜೆ ಆಗೈತೆ” ಎಂದರು. ಅವರೇ ನಂಜಮ್ಮ. ಆ ಊರಿನಲ್ಲೇ ತಲೆತಲಾಂತರದಿಂದ ಇದ್ದ ಮನೆತನ. ಹೊಲ ಕೈಗಾರಿಕೆಗೆ ಹೋದ ಮೇಲೆ ಗಂಡ ದೊಡ್ಡ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಕಲಿತು, ಆಮೇಲೆ ಹಳೆಯ ಲೇತೊಂದನ್ನು ಕೊಂಡುತಂದು ಮನೆಯ ಮುಂಗೋಣೆಯಲ್ಲೇ ನೆಟ್ಟಿದ್ದರು. ಅವರು ತೀರಿಹೋದ ಮೇಲೆ ಮಗ ಕೆಂಪರಾಜು ಅದನ್ನು ನಡೆಸುತ್ತಿದ್ದ.

ಒಳಗೆ ಕಾಲಿಟ್ಟವನಿಗೆ ಮೊದಲು ಯಂತ್ರವೇ ಕಾಣಲಿಲ್ಲ. ಒಗೆದ ಬಿಳಿಯ ಪಂಚೆ ಹೊದಿಸಿದ, ಚೆಂಡುಹೂವಿನ ಹಾರ ತೊಡಿಸಿದ, ವಿಭೂತಿ ಬಳಿದ ಒಂದು ಆಕೃತಿ. ಎರಡು ಕಡೆ ಬಾಳೆಕಂದು, ಮುಂದೆ ದೀಪ. ನನಗೆ ತಿಳಿಯದಂತೆಯೇ ಕೈಮುಗಿದೆ.

“ಇವನೇ ನಮ್ಮನೆ ಸಾಮಿ” ಎಂದರು ನಂಜಮ್ಮ. “ಮೂರು ದಿನ ಇವನಿಗೆ ರಜಾ. ನನಗೆ ಯಾವತ್ತೂ ಇಲ್ಲ.”

“ಅವ್ವಾ, ಅವರು ಸರ್ಕಾರದೋರು. ಸುಮ್ನಿರು” ಎಂದ ಕೆಂಪರಾಜು.

ಆಕೆ ನನ್ನ ಕೈಯ ಹಾಳೆಯನ್ನು ನೋಡಿದರು. “ಅದ್ರಲ್ಲಿ ಏನಂತ ಬರ್ಕೋತೀರಿ ಅಯ್ನೋರೇ?”

“ಈ ಜಾಗ ಏತಕ್ಕೆ ಬಳಕೆಯಾಗುತ್ತಿದೆ ಎಂದು, ತಾಯಿ.”

“ಕಾರ್ಖಾನೆ ಅಂತ ಮಾತ್ರ ಬರೀಬೇಡ್ರಪ್ಪಾ. ನಾಳೆ ಯಾವನಾದ್ರೂ ಬಂದು ಖಾಲಿ ಮಾಡು ಅಂತಾನೆ. ಮನೆ ಅಂತಾನೇ ಬರೀರಿ. ಇಲ್ಲೇ ಉಣ್ತೀವಿ, ಇಲ್ಲೇ ಮಲಗ್ತೀವಿ. ಆ ಸದ್ದು ಕೇಳ್ದಿದ್ರೆ ನನಗೆ ನಿದ್ದೇನೇ ಬರಕ್ಕಿಲ್ಲ. ಇದು ಮನೆ ಅಲ್ದೆ ಇನ್ನೇನು?”

ಚೌಕದಲ್ಲಿ ‘ವ’ ಎಂದು ಬರೆದೆ. ಉಪಕಾರ ಮಾಡಿದೆನೆಂಬ ಸಂತೋಷ ನನಗೆ, ಮನೆ ಉಳಿಯಿತೆಂಬ ಸಂತೋಷ ಆಕೆಗೆ. ಬೊಗಸೆ ತುಂಬ ಕಡಲೆಪುರಿ, ಮೇಲೊಂದು ಬಾಳೆಹಣ್ಣು ಕೊಟ್ಟರು. ಓಣಿಯ ಉಳಿದ ಬಾಗಿಲುಗಳು ಮುಚ್ಚಿದ್ದವು. ಕಡಲೆಪುರಿ ಮೆಲ್ಲುತ್ತ, ಆ ಮನೆಯನ್ನೇ ಪ್ರಮಾಣವಾಗಿಟ್ಟುಕೊಂಡು, ಇಡೀ ಸಾಲಿಗೆ ‘ವ’ ಬರೆದು ಕೆಳಗೆ ಸಹಿ ಹಾಕಿದೆ. ಕಚೇರಿಗೆ ಬಂದು ಹಳದಿ ತುಂಬಿದಾಗ ರಾಯರು, “ಭೇಷ್, ಎಷ್ಟು ಶುದ್ಧವಾಗಿದೆ ನೋಡು” ಎಂದು ಬೆನ್ನು ತಟ್ಟಿದರು.

ವರ್ಷಗಳು ಉರುಳಿದವು. ಕುಂಚ ಹೋಗಿ ಪೆನ್ನು ಬಂತು, ಪೆನ್ನು ಹೋಗಿ ಗಣಕಯಂತ್ರ ಬಂತು. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಮನೆಯ ಮೇಲಿನ ನೀರಿನ ತೊಟ್ಟಿಯೂ ಕಾಣತೊಡಗಿತು, ಮನೆಯೊಳಗೆ ನಡೆಯುವುದು ಮಾತ್ರ ಮೊದಲಿನಷ್ಟೇ ಕಾಣದೆ ಉಳಿಯಿತು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಬೊಮ್ಮಸಂದ್ರಗಳಿಗೆ ನಾವು ಬೇರೆ ಬೇರೆ ಬಣ್ಣ ಬಳಿದೆವು: ದುಡಿಯುವ ಜಾಗ ಇಲ್ಲಿ, ಬದುಕುವ ಜಾಗ ಅಲ್ಲಿ. ಹಾಗೆ ಬಳಿದ ನಕ್ಷೆಯ ಮೇಲೆ ಆಕ್ಷೇಪಣೆ ಕೇಳಲು ಕರೆದ ಸಭೆಯೊಂದರಲ್ಲಿ, ಬೊಮ್ಮಸಂದ್ರದ ಔಷಧ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳು ಎದ್ದು ನಿಂತಳು.

“ಸಾರ್, ಮಲಗೋ ಜಾಗ ಹಳದಿ, ದುಡಿಯೋ ಜಾಗ ನೇರಳೆ. ದಿನಾ ನಾಕು ಗಂಟೆ ನಾನು ಬಸ್ಸಲ್ಲಿ ನಿಂತಿರ್ತೀನಲ್ಲ, ಅದಕ್ಕೆ ಯಾವ ಬಣ್ಣ ಹಾಕಿದ್ದೀರಾ?”

ಹಿಂದಿನ ಸಾಲಿನಿಂದ ಯಾರೋ, “ಅದಕ್ಕೆ ಕಪ್ಪು ಕಣಕ್ಕಾ, ಟಾರು!” ಎಂದರು. ಸಭೆ ಗೊಳ್ಳೆಂದಿತು. ಅವಳು ನಗಲಿಲ್ಲ. ನಮ್ಮ ನಕ್ಷೆಯಲ್ಲಿ ರಸ್ತೆಗೆ ಬೂದು ಬಣ್ಣ.

ಅಂದಿನಿಂದ ನಾನು ನಡೆಯತೊಡಗಿದೆ. ಈ ಬಾರಿ ಕೆಲಸ ನಡೆಯುವ ದಿನಗಳಲ್ಲಿ. ಪೀಣ್ಯದ ದೊಡ್ಡ ಶೆಡ್ಡುಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಒಂದರಲ್ಲಿ ಯಂತ್ರಗಳ ಜಾಗದಲ್ಲಿ ಮಂಚಗಳಿದ್ದವು, ಅದು ಪೀಜಿ ಆಗಿತ್ತು. ಇನ್ನೊಂದರಲ್ಲಿ ಮೊಬೈಲಿನಲ್ಲಿ ಬರುವ ಆರ್ಡರಿಗೆ ಆರು ಹೋಟೆಲುಗಳ ಹೆಸರಿಟ್ಟು ಒಂದೇ ಒಲೆಯಲ್ಲಿ ಅಡುಗೆ. ಮತ್ತೊಂದರಲ್ಲಿ ಹುಡುಗಿಯರು ಗಣಕಯಂತ್ರದ ಮೇಲೆ ಬಿಡಿಭಾಗದ ಚಿತ್ರ ಬರೆಯುತ್ತಿದ್ದರು, ಪಕ್ಕದ ಕೋಣೆಯಲ್ಲಿ ಒಂದೇ ಒಂದು ಯಂತ್ರ ಅದನ್ನು ಸದ್ದಿಲ್ಲದೆ ಕಡೆಯುತ್ತಿತ್ತು. ಹೊಗೆಯಿಲ್ಲ, ಸೈರನ್ನಿಲ್ಲ. ಉದ್ಯೋಗದ ರೂಪವೇ ಬದಲಾಗಿ ಮನೆಯ ಮಗ್ಗುಲಿಗೆ ಬಂದು ಕುಳಿತಿತ್ತು. ನಮ್ಮ ನಿಯಮದ ಕಣ್ಣಿಗೆ ಅವರೆಲ್ಲರೂ ಅಪರಾಧಿಗಳು. ಒಂದೇ ಜಾಗದಲ್ಲಿ ಉಣ್ಣುವ, ಮಲಗುವ, ದುಡಿಯುವ ಪದ್ಧತಿಯನ್ನು ನ್ಯಾಯವೆಂದು ಒಪ್ಪಬೇಕು, ‘ಮಿಶ್ರ ಬಳಕೆ’ ಎಂಬ ಹೊಸ ವಲಯವೊಂದು ಬೇಕು ಎಂದು ನಲವತ್ತು ಪುಟಗಳ ಟಿಪ್ಪಣಿ ಬರೆದೆ.

ಆಗ ನಮ್ಮ ಮುಖ್ಯಸ್ಥೆಯಾಗಿದ್ದವರು ಸುಜಾತಾ ಎಂಬ ಅಧಿಕಾರಿ. ನನಗಿಂತ ಚಿಕ್ಕವರು, ಚುರುಕು, ಮನಸ್ಸು ಒಳ್ಳೆಯದು. “ಸರ್, ಇದನ್ನ ಮೇಲಕ್ಕೆ ಕಳಿಸ್ತೀನಿ. ಆದ್ರೆ ನಿಮ್ಮ ಒಂದು ವಾಕ್ಯ ಮುಗಿಯೋಷ್ಟರಲ್ಲಿ ಅವರ ಕಾಫಿ ಆರಿಹೋಗುತ್ತೆ. ನಾಕು ಪುಟ ಮಾಡಿ” ಎಂದರು. ನಾಲ್ಕು ಪುಟ ಮಾಡಿದೆ. ಅಗಲವಾದ ರಸ್ತೆಗೆ ಮುಖ ಮಾಡಿದ ನಿವೇಶನಗಳಿಗೆ ಮಾತ್ರ ಮಿಶ್ರ ಬಳಕೆ ಎಂದು ಮೇಲಿನವರು ಷರತ್ತು ಹಾಕಿದಾಗ, ಹಳೆಯ ಓಣಿಗಳ ಬಡವರು ಏನಾಗಬೇಕೆಂದು ಹೋರಾಡಿ ಒಂದು ಸಾಲನ್ನು ಸೇರಿಸಿದೆ: ಹಳೆಯ ಸಮೀಕ್ಷೆಯಲ್ಲಿ ಕೈಗಾರಿಕೆಯೆಂದು ದಾಖಲಾಗಿದ್ದರೆ ಕಿರಿದಾದ ಓಣಿಯಲ್ಲೂ ಅದು ಮುಂದುವರಿಯಬಹುದು. ನಿಯಮ ಅಚ್ಚಾಗಿ ಬಂದ ದಿನ ಆ ಸಾಲನ್ನು ದೇವರ ಮುಂದಿಟ್ಟು ನಮಸ್ಕರಿಸಿದೆ. ಬದುಕಿನಲ್ಲಿ ಒಂದು ಪುಣ್ಯದ ವಾಕ್ಯ ಬರೆದೆನೆಂದುಕೊಂಡೆ. ನಾನೇ ಹಳದಿ ಬಳಿದ ಓಣಿಯೊಂದಿದೆಯೆಂಬುದು ಆ ಹೊತ್ತಿನಲ್ಲಿ ಮನಸ್ಸಿಗೆ ಬರಲೇ ಇಲ್ಲ.

ಅದನ್ನು ನೆನಪಿಸಿದ್ದು ಒಂದು ದೂರು. ಓಣಿಯ ಹಿಂದೆ ಎದ್ದಿದ್ದ ಹೊಸ ಅಪಾರ್ಟ್‌ಮೆಂಟಿನವರು ಲೇತ್‌ಗಳ ಸದ್ದಿನ ಬಗ್ಗೆ ಬರೆದುಕೊಂಡಿದ್ದರು. ಓಣಿಯವರಿಗೆಲ್ಲ ನೋಟಿಸು ಹೋಯಿತು: ಹಳೆಯ ದಾಖಲೆ ತೋರಿಸಿ, ಇಲ್ಲವಾದರೆ ಯಂತ್ರದ ಮೂರು ಫೇಸಿನ ವಿದ್ಯುತ್ತನ್ನು ಕಡಿಯಲಾಗುವುದು. ವಿಚಾರಣೆಯ ದಿನ ಮೊದಲು ಬಂದವನು ಕೆಂಪರಾಜು, ಕೈಹಿಡಿದು ತಾಯಿಯನ್ನು ಕರೆತಂದಿದ್ದ. ಸುಜಾತಾ ಅವರ ಬಲಕ್ಕೆ, ಕಡತಗಳನ್ನು ಮುಂದಿಟ್ಟುಕೊಂಡು ಕುಳಿತವನು ನಾನು. ನಿವೃತ್ತಿಗೆ ಎರಡು ತಿಂಗಳಿತ್ತು.

ಹಳೆಯ ಹಾಳೆಯನ್ನು ತೆಗೆದು ಮೇಜಿನ ಮೇಲೆ ಹಾಸಿದರು. ಹಳದಿ ಇನ್ನೂ ಮಾಸಿರಲಿಲ್ಲ.

“ಇಲ್ಲಿ ವಸತಿ ಅಂತಿದೆಯಲ್ಲಪ್ಪಾ” ಎಂದರು ಸುಜಾತಾ. “ಆಗ ಲೇತ್ ಇತ್ತು ಅನ್ನೋಕೆ ಏನಾದ್ರೂ ಇದೆಯಾ?”

“ನಮ್ಮಪ್ಪ ನೆಟ್ಟಿದ್ದು ಮೇಡಂ. ಬಿಲ್ಲು ಗಿಲ್ಲು ಎಲ್ಲಿಂದ ತರ್ಲಿ?” ಎಂದ ಕೆಂಪರಾಜು.

ಅಲ್ಲಿಯವರೆಗೆ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದ ನಂಜಮ್ಮ ಒಮ್ಮೆಲೇ ಅರಳಿದರು. “ಇವರೇ ಕಣೋ ರಾಜೂ! ಮೇಡಂ, ಈ ಅಯ್ನೋರೇ ಬಂದಿದ್ದು. ನಮ್ಮ ಮಿಷನ್ನಿಗೆ ಕೈ ಮುಗಿದ್ರು, ಕಡ್ಲೆಪುರಿ ಈಸ್ಕೊಂಡ್ರು. ನಾನೇ ಏಳಿದ್ದು, ಮನೆ ಅಂತ ಬರೀರಿ ಅಂತ. ಬೇಕಾದ್ರೆ ಕೇಳಿ ಅವರನ್ನೇ.”

ಸುಜಾತಾ ನನ್ನ ಕಡೆ ತಿರುಗಿದರು. “ಹೌದಾ ಸರ್? ನೀವು ಯಂತ್ರ ನೋಡಿದ್ರಾ?”

ಹೌದೆಂದರೆ, ಕಂಡೂ ಕಾಣದಂತೆ ಸುಳ್ಳು ದಾಖಲೆ ಬರೆದವನಾಗುತ್ತೇನೆ. ಇಲಾಖಾ ವಿಚಾರಣೆ, ತಡೆಹಿಡಿದ ಪಿಂಚಣಿ, ಬೀಳ್ಕೊಡುಗೆಯ ದಿನ ಬಾಗಿದ ತಲೆ. ಇಷ್ಟೂ ಒಂದು ಉಸಿರಿನಲ್ಲಿ ಕಣ್ಣ ಮುಂದೆ ಹಾದುಹೋದವು. ಮರಳಿನ ಮೇಲೆ ತಿದ್ದಿದ ಅಕ್ಷರ, ಗುರುಗಳ ಧ್ವನಿ, ಇವೂ ಬಂದವು. ಬರಲಿಲ್ಲವೆಂದು ಹೇಳಿಕೊಳ್ಳುವ ಹಾಗಿಲ್ಲ.

“ತುಂಬಾ ಹಳೆಯ ಮಾತು ಮೇಡಂ. ನನಗೆ ಸರಿಯಾಗಿ ನೆನಪಿಲ್ಲ” ಎಂದೆ.

ಕೆಂಪರಾಜು ನೆಲ ನೋಡಿದ. ನಂಜಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. “ಓಗ್ಲಿ ಬಿಡಿ ಮೇಡಂ” ಎಂದರು. “ಎಷ್ಟು ಮನೆ ತಿರುಗಿರ್ತಾರೋ ಪಾಪ. ಎಲ್ಲ ಎಲ್ಲಿ ನೆನಪಿರ್ತೈತೆ?” ನನ್ನ ಪರವಾಗಿ ಆಕೆಯೇ ವಾದಿಸಿ ಎದ್ದುಹೋದರು.

ಮೂರು ಫೇಸಿನ ತಂತಿ ಕಡಿದರು. ಹಳೆಯ ಹಾಳೆ ಹಳದಿಯಿದ್ದುದರಿಂದ ಓಣಿಯ ಅಷ್ಟೂ ಮನೆಗಳಿಗೆ ಅದೇ ಗತಿ. ನಿವೃತ್ತನಾದ ಮೇಲೆ, ಕಳೆದುಕೊಳ್ಳುವುದು ಕಡಿಮೆಯಾದ ಮೇಲೆ, ನನ್ನ ಧೈರ್ಯ ಹೆಚ್ಚಿತು. ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕಚೇರಿಗೆ ಒಯ್ದೆ. ಸುಜಾತಾ ಅವರಿಗೆ ವರ್ಗವಾಗಿತ್ತು. ಗುಮಾಸ್ತರು ಎದ್ದು ನಿಂತು ಗೌರವದಿಂದಲೇ ಹೇಳಿದರು: “ಆರ್ಡರ್ ಆಗೋಯ್ತು ಸಾರ್, ಫೈಲ್ ಮುಚ್ಚಿದೆ. ಇದನ್ನ ಎಲ್ಲಿ ಇಡ್ಲಿ ಹೇಳಿ? ಕೂತ್ಕೊಳ್ಳಿ, ಟೀ ತರಿಸ್ತೀನಿ.” ಟೀ ಕುಡಿದು ಬಂದೆ.

ವಿದ್ಯುತ್ತಿಲ್ಲದ ಲೇತು ಎಷ್ಟು ದಿನ ಕಾದೀತು? ಓಣಿಯವರು ಒಬ್ಬೊಬ್ಬರಾಗಿ ಒಬ್ಬನೇ ಬಿಲ್ಡರಿಗೆ ಮಾರಿದರು. ಆತ ಎಲ್ಲ ನಿವೇಶನಗಳನ್ನೂ ಒಂದಾಗಿ ಕೂಡಿಸಿ ಓಣಿಯನ್ನೇ ಅಳಿಸಿದ. ಕೂಡಿದ ನಿವೇಶನದ ಒಂದು ತುದಿ ದೊಡ್ಡ ರಸ್ತೆಯನ್ನು ಮುಟ್ಟಿತು. ಅಗಲವಾದ ರಸ್ತೆಗೆ ಮುಖ ಮಾಡಿದ್ದರಿಂದ ಅದಕ್ಕೆ ಮಿಶ್ರ ಬಳಕೆಯ ಅನುಮತಿ ದೊರೆಯಿತು. ಅದೇ ಮಣ್ಣು, ನಾನು ನಾಲ್ಕು ಪುಟಗಳಲ್ಲಿ ಬೇಡಿದ ಅದೇ ನಿಯಮ. ಈಗ ಅಲ್ಲಿ ಕೆಳಗೆ ಕಾಫಿ ಅಂಗಡಿ, ನಡುವೆ ಕಚೇರಿಗಳು, ಮೇಲೆ ಬಾಡಿಗೆಯ ಕೋಣೆಗಳು. ಟಿಪ್ಪಣಿಯಲ್ಲಿ ಉದಾಹರಣೆಗೆಂದು ನಾನು ಬರೆದಿದ್ದ ಚಿತ್ರವನ್ನು ಗಾಜಿನಲ್ಲಿ ಎರಕ ಹೊಯ್ದ ಹಾಗಿದೆ. ಒಂದು ನಿಯಮವೂ ಮುರಿದಿಲ್ಲ. ಕೆಂಪರಾಜು ಅತ್ತಿಬೆಲೆಯಲ್ಲಿ ಬೇರೆಯವರ ಯಂತ್ರ ನಡೆಸುತ್ತಾನೆ. ಅದರ ಹತ್ತಿರ ಮನೆ ಸಿಗದೆ, ದಿನಾ ಬಸ್ಸಿನಲ್ಲಿ ನಿಲ್ಲುತ್ತಾನೆ.

ಕಿರಿಯರೇ, ಯಂತ್ರ ಓಡುವ ದಿನ ಹೋಗಿ ನೋಡಿ, ಚೌಕದಲ್ಲಿ ಒಂದೇ ಅಕ್ಷರಕ್ಕೆ ಜಾಗವಿದ್ದರೆ ಅಂಚಿನಲ್ಲಿ ಬರೆಯಿರಿ ಎಂದು ಹೇಳಬಲ್ಲೆ. ಹೇಳುತ್ತಿದ್ದೇನೆ. ಅದರಿಂದ ಯಾರಾದರೂ ಉಳಿದಾರೆಂಬ ನಂಬಿಕೆ ನನ್ನಲ್ಲಿ ಉಳಿದಿಲ್ಲ. ದೇವರಲ್ಲಿ ನಂಬಿಕೆಯಿದೆ. ನಕ್ಷೆಯಲ್ಲಿ ಇಲ್ಲ.

ಕಳೆದ ಆಯುಧಪೂಜೆಯ ಬೆಳಿಗ್ಗೆ ಕಾಲುಗಳು ತಾವಾಗಿಯೇ ನನ್ನನ್ನು ಅಲ್ಲಿಗೆ ಒಯ್ದವು. ನೆಲಕ್ಕೆ ಕಾಂಕ್ರೀಟಿನಲ್ಲಿ ಕಚ್ಚಿಕೊಂಡಿದ್ದ ನಂಜಮ್ಮನವರ ಲೇತನ್ನು ಬಿಲ್ಡರು ಕೀಳದೆ, ಕಾಫಿ ಅಂಗಡಿಯ ನಡುವೆ ಅಂದಕ್ಕೆಂದು ಉಳಿಸಿಕೊಂಡಿದ್ದಾನೆ. ಮಿರಿಮಿರಿ ಕಪ್ಪು ಬಣ್ಣ ಬಳಿದು ಮೇಲೊಂದು ಹಸಿರು ಗಿಡದ ಕುಂಡ ಇಟ್ಟಿದ್ದಾರೆ. ಅಂದು ಕುಂಡ ಕೆಳಗಿತ್ತು. ಕೆಂಪರಾಜು ಲೇತಿಗೆ ವಿಭೂತಿ ಹಚ್ಚುತ್ತಿದ್ದ. ತಾಯಿ ಪಕ್ಕದ ಕುರ್ಚಿಯಲ್ಲಿದ್ದರು, ಬಹಳ ಕುಗ್ಗಿದ್ದರು.

ಅಂಗಡಿಯ ಹುಡುಗಿ ಗಡಿಯಾರ ನೋಡುತ್ತಿದ್ದಳು. “ಬೇಗ ಮುಗಿಸ್ಬಿಡಿ ಅಣ್ಣ, ಜನ ಬರ್ತಾರೆ. ಊದುಬತ್ತಿ ಮಾತ್ರ ಹಚ್ಬೇಡಿ ಪ್ಲೀಸ್, ಅಲಾರಾಂ ಹೊಡ್ಕೊಳುತ್ತೆ.”

ಕೆಂಪರಾಜು ಊದುಬತ್ತಿಯನ್ನು ಹಚ್ಚದೆಯೇ ಮೂರು ಸುತ್ತು ಬೆಳಗಿದ. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದೆ. ನನ್ನನ್ನು ಕಂಡು ಅವನು, “ಬಂದ್ರಾ” ಎಂದ, ಅಷ್ಟೇ.

“ಕೆಂಪರಾಜು, ಅವತ್ತು ನನಗೆ ನೆನಪಿತ್ತು” ಎಂದೆ.

“ಗೊತ್ತು ಅಯ್ನೋರೇ.” ಅವನು ಪಂಚೆಯ ಅಂಚಿನಿಂದ ಯಂತ್ರದ ಮೇಲಿನ ಧೂಳನ್ನು ಒರೆಸುತ್ತಲೇ ಇದ್ದ. “ಅವ್ವನಿಗೆ ಈಗ ಏನೂ ನೆನಪಿಲ್ಲ. ಏಳಿದ್ರೂ ತಿಳಿಯಕ್ಕಿಲ್ಲ.”

ನಂಜಮ್ಮ ನನ್ನ ಹಣೆಯನ್ನು ನೋಡಿದರು, ಬಗಲಿನ ಚೀಲವನ್ನು ನೋಡಿದರು, ಚೀಲದಿಂದ ಇಣುಕುತ್ತಿದ್ದ ಕಾಗದಗಳನ್ನು ನೋಡಿದರು. ಮಡಿಲಲ್ಲಿದ್ದ ಪೊಟ್ಟಣ ಬಿಚ್ಚಿ ನನ್ನ ಬೊಗಸೆಗೆ ಕಡಲೆಪುರಿ ಸುರಿದರು. ಆಮೇಲೆ ಅಂಗಡಿಯ ಹುಡುಗಿಗೆ ಕೇಳಿಸಬಾರದೆಂಬಂತೆ ನನ್ನ ಕಡೆ ಬಾಗಿದರು.

“ಬರ್ಕೊಳ್ಳಾಕೆ ಬಂದ್ರಾ ಅಯ್ನೋರೇ? ಕಾರ್ಖಾನೆ ಅಂತ ಬರೀಬೇಡ್ರಪ್ಪಾ. ಮನೆ ಅಂತಾನೇ ಬರೀರಿ.”

ನನ್ನ ಎರಡೂ ಕೈ ತುಂಬಿದ್ದವು. “ಆಗಲಿ ತಾಯಿ” ಎಂದೆ, “ಮನೆ ಎಂದೇ ಬರೆಯುತ್ತೇನೆ.”